ಅಜ್ಜನ ಮೃದಂಗ ಬೀಟೆಯೋ, ಹಲಸೋ?

ಪ್ರಶ್ನೆ: ಅಜ್ಜ ನುಡಿಸುತ್ತಿದ್ದ ಮೃದಂಗವೊಂದು ನಮ್ಮ ಮನೆಯ ಅಟ್ಟದಲ್ಲಿ ಸಿಕ್ಕಿದೆ. ಉದ್ದ ಸುಮಾರು 24 ಇಂಚು. ಬಲಗಡೆಯ ಚರ್ಮ ಹರಿದಿದೆ. ಮರ ಪೂರ್ತಿ ಕಪ್ಪಗಿದೆ, ಎತ್ತಲು ಭಾರ. ಬೀಟೆ ಮರದ್ದು ಎಂದು ಅಪ್ಪ ಹೇಳುತ್ತಿದ್ದರು. ಹಳೇ ಸಾಮಾನು ಕೊಳ್ಳುವವರೊಬ್ಬರು ಬಂದು ನೋಡಿ ‘ರಕ್ತಚಂದನ ಇರಬಹುದು’ ಎಂದರು. ನಮ್ಮ ಬಡಗಿ ಮಾತ್ರ ‘ಹಲಸು ಸಾರ್, ಇನ್ನೇನಿಲ್ಲ’ ಎನ್ನುತ್ತಾನೆ. ಮನೆಯಲ್ಲೇ ಪತ್ತೆ ಮಾಡುವ ದಾರಿ ಇದೆಯೇ? ಹೊಸ ಚರ್ಮ ಹಾಕಿಸಿ ಅಮೆರಿಕದಲ್ಲಿರುವ ಮಗಳಿಗೆ ಕಳಿಸುವ ಯೋಚನೆಯೂ ಇದೆ. ಇದರ ಜೊತೆಗೆ ಒಂದು ಹಳೆಯ ಖಂಜಿರ ಸಿಕ್ಕಿದೆ. — ಸಾಗರದಿಂದ ಒಬ್ಬ ಓದುಗರು

ಉತ್ತರ:

ನಿಮ್ಮ ಬಡಗಿಯ ಮಾತೇ ನಿಜವಾಗುವ ಸಾಧ್ಯತೆ ಜಾಸ್ತಿ. ದಕ್ಷಿಣದ ಮೃದಂಗಕ್ಕೆ ತಲೆತಲಾಂತರದಿಂದ ಬಳಸಿದ್ದು ಹಲಸು. ತಮಿಳುನಾಡಿನ ಕಡಲೂರು ಜಿಲ್ಲೆಯ ಪಣ್ರುಟ್ಟಿ ಹಲಸಿಗೆ ಹೆಸರಾದ ಊರು. ಹಣ್ಣಿಗೆ ಹೇಗೋ ಮೃದಂಗದ ಮರಕ್ಕೂ ಹಾಗೆ. ಯಕ್ಷಗಾನದ ಮದ್ದಲೆ, ಚೆಂಡೆ ಕೂಡ ಬಹುಮಟ್ಟಿಗೆ ಹಲಸೇ. ಬೇರೆ ಮರದಲ್ಲಿ ಮೃದಂಗ ಮಾಡಿಯೇ ಇಲ್ಲ ಎಂದಲ್ಲ. ಬೇವು, ತಾಳೆ, ತೆಂಗು, ಒಂದೊಂದು ಕಡೆ ಕಪ್ಪು ಮರ, ಕೆಂಪು ಮರ ಎಲ್ಲವೂ ಬಳಕೆಯಲ್ಲಿದ್ದವು. ಆದ್ದರಿಂದ ಪರೀಕ್ಷೆ ಮಾಡಿ ನೋಡುವುದರಲ್ಲಿ ಅರ್ಥವಿದೆ. ಆದರೆ ನೀವು ಕೊಟ್ಟ ಎರಡು ಸುಳಿವು, ಕಪ್ಪು ಬಣ್ಣ ಮತ್ತು ಭಾರ, ಎರಡೂ ಈ ವಿಷಯದಲ್ಲಿ ಅಷ್ಟಾಗಿ ನಂಬುವಂಥವಲ್ಲ.

ಮೊದಲು ಬಣ್ಣದ ವಿಷಯ ನೋಡೋಣ. ಹಲಸನ್ನು ಕೊಯ್ದಾಗ ಒಳಗಿನ ಚೇಗು, ಅಂದರೆ ಕಾಂಡದ ನಡುವಿನ ಗಟ್ಟಿ ಮರ, ಅರಿಶಿನದ ಹಾಗೆ ಹಳದಿ. ಗಾಳಿ ಬೆಳಕಿಗೆ ಬಿದ್ದ ಮೇಲೆ ಬರಬರುತ್ತಾ ಕಂದಾಗುತ್ತದೆ, ಆಮೇಲೆ ಕೆಂಪು ಬೆರೆತ ಗಾಢ ಕಂದು. ಅದರ ಮೇಲೆ ಕೈಯ ಬೆವರು, ಕೊಬ್ಬರಿ ಎಣ್ಣೆ, ಅಡುಗೆಮನೆಯ ಹೊಗೆ, ಆಗಾಗ ಬಳಿದ ಪಾಲಿಶ್, ಎಲ್ಲ ಕೂತಿರುತ್ತದೆ. ಮಲೆನಾಡಿನ ಹಳೆ ಮನೆಯ ಅಟ್ಟದಲ್ಲಿದ್ದ ಯಾವ ಮರ ತಾನೇ ಕಪ್ಪಾಗಿಲ್ಲ ಹೇಳಿ? ಜೊತೆಗೆ, ಗಿರಾಕಿಗೆ ಚೆಂದ ಕಾಣಲಿ ಅಂತ ಕೆಂಪು ಅಥವಾ ಕಂದು ಬಣ್ಣ ಬೆರೆಸಿದ ಅರಗಿನ ಪಾಲಿಶ್ ಹೊಡೆಯುವ ರೂಢಿಯೂ ಉಂಟು. ಹೊರಗಿನ ಬಣ್ಣದಿಂದ ವಾದ್ಯ ಎಂಥ ಮನೆಯಲ್ಲಿತ್ತು ಎನ್ನುವುದು ತಿಳಿಯುತ್ತದೆ. ಯಾವ ಮರ ಎನ್ನುವುದು ತಿಳಿಯುವುದಿಲ್ಲ.

ಭಾರದ್ದೂ ಅದೇ ಕಥೆ. ಹಲಸಿನ ಮೃದಂಗವೇ ಗೋಡೆ ದಪ್ಪವಾಗಿದ್ದರೆ ಚೆನ್ನಾಗಿ ತೂಗುತ್ತದೆ. ಸುತ್ತಿದ ಬಾರು (ಚರ್ಮದ ಪಟ್ಟಿ), ಎರಡೂ ಕಡೆಯ ಮುಚ್ಚಿಗೆ (ಬಾಯಿಗೆ ಕಟ್ಟಿದ ಚರ್ಮ), ಬಲಗಡೆಯ ಕರಣೆ (ಚರ್ಮದ ನಡುವಿನ ಕಪ್ಪು ಲೇಪ) ಎಲ್ಲ ಸೇರಿದ ತೂಕ ಅದು. ಬರೀ ಮರದ ತೂಕ ಎಷ್ಟು ಎಂದು ಎತ್ತಿ ನೋಡಿ ಹೇಳಲು ಆಗುವುದಿಲ್ಲ. ಕಪ್ಪು ಮರ, ಭಾರ ಮರ ಎಂದ ಕೂಡಲೇ ಬೀಟೆ ಎನ್ನುವ ನಂಬಿಕೆ ನಮ್ಮಲ್ಲಿ ಬಂದಿರುವುದು ಬಹುಶಃ ತಬಲಾದಿಂದ. ಉತ್ತರದಲ್ಲಿ ಒಳ್ಳೆಯ ತಬಲಾದ ದಾಯಾಂಗೆ, ಅಂದರೆ ಬಲಗೈಯಲ್ಲಿ ನುಡಿಸುವ ಭಾಗಕ್ಕೆ, ಶೀಶಮ್ ಮರ ಬೇಕು ಎನ್ನುತ್ತಾರೆ. ಅದು ಬೀಟೆಯ ಹತ್ತಿರದ ಸಂಬಂಧಿ. ಅಲ್ಲಿನ ಮಾತನ್ನು ಇಲ್ಲಿನ ಮೃದಂಗಕ್ಕೆ ಅನ್ವಯಿಸಿದರೆ ಹಲಸು ಏನೋ ಕಡಿಮೆ ದರ್ಜೆಯದು ಅನ್ನಿಸಿಬಿಡುತ್ತದೆ. ಹಾಗೇನಿಲ್ಲ.

ಹಾಗಾದರೆ ಎಲ್ಲಿ ನೋಡಬೇಕು? ಅಂಚಿನಲ್ಲಿ. ಮುಚ್ಚಿಗೆ ತೆಗೆದಾಗ ಕಾಣುವ ಆ ದುಂಡನೆಯ ಮರದ ಅಂಚು ಇದೆಯಲ್ಲ, ಅದೇ ಮರವನ್ನು ಅಡ್ಡಕ್ಕೆ ಕೊಯ್ದ ಮುಖ. ಮರ ಗುರುತಿಸುವವರು ಮೊದಲು ಕೇಳುವುದೇ ಈ ಮುಖವನ್ನು. ನಿಮ್ಮ ವಾದ್ಯದ ಬಲಗಡೆ ಹೇಗೂ ಹರಿದಿದೆ, ಹಾಗಾಗಿ ನಿಮಗೆ ಅನುಕೂಲವೇ ಆಯಿತು. ಆದರೆ ಸುಮ್ನೆ ಕುತೂಹಲಕ್ಕೆ ಅಂತ ಚೆನ್ನಾಗಿರುವ ಎಡಗಡೆಯನ್ನೂ ಬಿಚ್ಚಬೇಡಿ. ಎಡಗಡೆ ನೋಡಿ ಪ್ರಯೋಜನವೂ ಕಡಿಮೆ. ಕಛೇರಿಗೆ ಮುಂಚೆ ಅಲ್ಲಿಗೆ ಒದ್ದೆ ರವೆ ಮೆತ್ತುತ್ತಾರೆ. ವರ್ಷಗಟ್ಟಲೆ ಆ ತೇವ ತಾಗಿ ಅಂಚು ಕಪ್ಪಾಗಿ, ಕೆಲವೊಮ್ಮೆ ಮೆತ್ತಗೂ ಆಗಿರುತ್ತದೆ.

ಬಲಗಡೆ ಅಂಚಿನಲ್ಲಿ ಹೊಸ ಮುಚ್ಚಿಗೆ ಮುಚ್ಚಿಕೊಳ್ಳುವ ಜಾಗವೊಂದನ್ನು ಆರಿಸಿ. ಅಲ್ಲಿ ಅರ್ಧ ಸೆಂಟಿಮೀಟರ್ ಅಗಲದ ಚುಕ್ಕೆಯಷ್ಟು ಸಾಕು. ಹೊಸ ಬ್ಲೇಡಿನಿಂದ ತೆಳುವಾಗಿ ಒಂದು ಸಲ ಎಳೆಯಿರಿ. ಉಪ್ಪುಕಾಗದ ಹಾಕಬೇಡಿ. ಅದರ ಪುಡಿ ಹೋಗಿ ಮರದ ರಂಧ್ರಗಳನ್ನು ತುಂಬಿ ಏನೂ ಕಾಣದ ಹಾಗೆ ಮಾಡುತ್ತದೆ. ಎಂ-ಸೀಲ್ ಅಥವಾ ಮರದ ಪುಡಿ ಬೆರೆಸಿದ ಫೆವಿಕಾಲ್ ತುಂಬಿದ ಬಿರುಕು ಇದ್ದರೆ ಅದರ ಹತ್ತಿರ ಹೋಗಬೇಡಿ. ಚುಕ್ಕೆಯ ಮೇಲೆ ಒಂದು ಹನಿ ನೀರು ಸವರಿ, ಬಿಸಿಲಿನಲ್ಲಿ ಮೊದಲು ಬರಿಗಣ್ಣಿನಿಂದ ನೋಡಿ. ಆಮೇಲೆ ಅಕ್ಕಸಾಲಿಗರು ಇಟ್ಟುಕೊಳ್ಳುವ ಹತ್ತು ಪಟ್ಟು ದೊಡ್ಡದು ಮಾಡುವ ಲೆನ್ಸಿನಿಂದ ನೋಡಿ.

ಹಲಸಾಗಿದ್ದರೆ ಸೂಜಿ ಚುಚ್ಚಿದಂಥ ದೊಡ್ಡ ರಂಧ್ರಗಳು ಅಲ್ಲಲ್ಲಿ ಚದುರಿರುತ್ತವೆ, ಕಣ್ಣಿಗೇ ಕಾಣುತ್ತವೆ. ಕೆಲವು ಒಂಟಿ, ಕೆಲವು ಎರಡು ಮೂರು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಲೆನ್ಸಿನಲ್ಲಿ ಪ್ರತಿ ರಂಧ್ರದ ಸುತ್ತ ಕಣ್ಣಿನ ಆಕಾರದ ತಿಳಿ ಬಣ್ಣದ ಪಟ್ಟಿ ಕಾಣುತ್ತದೆ. ರಂಧ್ರದೊಳಗೆ ಮಿರುಗುವ ತೆಳು ಪೊರೆಯೂ ಇರಬಹುದು. ಇದೆಲ್ಲಕ್ಕಿಂತ ಮುಖ್ಯವಾದದ್ದು ಮರದ ನಡುವಿನಿಂದ ಹೊರಕ್ಕೆ ಹೋಗುವ ತಿಳಿ ಗೆರೆಗಳು. ಹಲಸಿನಲ್ಲಿ ಇವು ಲೆನ್ಸಿಲ್ಲದೆಯೇ ಕಾಣುವಷ್ಟು ಅಗಲ. ಬೀಟೆ, ಶೀಶಮ್, ಹೊನ್ನೆ, ರಕ್ತಚಂದನ ಈ ಗುಂಪಿನಲ್ಲಿ ಇದೇ ಗೆರೆಗಳು ಎಷ್ಟು ಸಣ್ಣವೆಂದರೆ ಬರಿಗಣ್ಣಿಗೆ ಸಿಗುವುದೇ ಇಲ್ಲ. ಬೀಟೆಯ ಅಂಚಿನಲ್ಲಿ ರಂಧ್ರದಿಂದ ರಂಧ್ರಕ್ಕೆ ಹಬ್ಬಿದ, ಅಲೆಯಂಥ ತಿಳಿ ಗೆರೆಗಳು ಅಡ್ಡಕ್ಕೆ ಓಡುತ್ತವೆ. ಇವೆರಡನ್ನೂ ಒಮ್ಮೆ ಪಕ್ಕಪಕ್ಕ ಇಟ್ಟು ನೋಡಿದರೆ ಮತ್ತೆ ಗೊಂದಲ ಆಗುವುದಿಲ್ಲ. ಒಂದು ಹಳೆ ಬೀಟೆ ಕುರ್ಚಿಯ ಮುರಿದ ಕಾಲು, ಒಂದು ಹಲಸಿನ ತುಂಡು ನಿಮ್ಮ ಊರಿನಲ್ಲಿ ಸಿಗದೇ ಇರುತ್ತದೆಯೇ? ಅವುಗಳ ಮೇಲೆ ಮೊದಲು ಅಭ್ಯಾಸ ಮಾಡಿ, ಆಮೇಲೆ ಮೃದಂಗದ ಹತ್ತಿರ ಹೋಗಿ.

ಎರಡನೆಯ ಪರೀಕ್ಷೆ ನನಗೆ ತುಂಬ ಇಷ್ಟ. ಇದಕ್ಕೆ ಏನನ್ನೂ ಕೆರೆಯಬೇಕಿಲ್ಲ, ಪಾಲಿಶ್ ಹೋದ ಒಂದು ಜಾಗ ಇದ್ದರೆ ಆಯಿತು. ಬೀಟೆ, ಶೀಶಮ್, ಹೊನ್ನೆ, ರಕ್ತಚಂದನ ನಾಲ್ಕರಲ್ಲೂ ಜೀವಕೋಶಗಳು ಸಾಲುಸಾಲಾಗಿ ಅಂತಸ್ತು ಕಟ್ಟಿದ ಹಾಗೆ ಕೂತಿರುತ್ತವೆ. ಅದರಿಂದ ಮರದ ಹೊರಮೈಯಲ್ಲಿ, ಎಳೆಗೆ ಅಡ್ಡವಾಗಿ, ಬಹಳ ಸಣ್ಣ ಒತ್ತೊತ್ತಾದ ಗೆರೆಗಳು ಕಾಣುತ್ತವೆ. ಲೆನ್ಸ್ ಹಿಡಿದು, ಬೆಳಕು ಓರೆಯಾಗಿ ಬೀಳುವ ಹಾಗೆ ತಿರುಗಿಸಬೇಕು. ಹಲಸಿನಲ್ಲಿ ಈ ಗೆರೆಗಳು ಇಲ್ಲವೇ ಇಲ್ಲ. ಬೇವು, ಮಾವು, ತೇಗದಲ್ಲೂ ಇಲ್ಲ. ಮೃದಂಗದಲ್ಲಿ ಇದನ್ನು ನೋಡುವುದು ಸುಲಭ, ಯಾಕೆಂದರೆ ಇಡೀ ಕಾಂಡವನ್ನೇ ಕೊರೆದು ಮಾಡಿದ್ದರೆ ವಾದ್ಯದ ಹೊರಮೈ ಸುತ್ತಲೂ ಬೇಕಾದ ಮುಖವೇ ಆಗಿರುತ್ತದೆ. ಅಂಚಿನಲ್ಲಿ ಬೆಳವಣಿಗೆಯ ಬಳೆಗಳ ಗುರುತು ಟೊಳ್ಳಿನ ಸುತ್ತ ದುಂಡಗೆ ತಿರುಗಿದ್ದರೆ ಅದು ಇಡೀ ಕಾಂಡ. ಒಂದೇ ಕಡೆಗೆ ಬಾಗಿದ್ದರೆ ದೊಡ್ಡ ಮರವನ್ನು ಸೀಳಿ, ಒಂದು ಹೋಳಿನಿಂದ ತೆಗೆದದ್ದು. ಹಾಗಿದ್ದರೆ ಒಂದೆರಡು ಬದಿ ತಿರುಗಿಸಿ ನೋಡಬೇಕಾಗುತ್ತದೆ, ಅಷ್ಟೇ. ಹಲಸಿನಲ್ಲಿ ಬಳೆಗಳು ಅಷ್ಟು ಸ್ಪಷ್ಟವಿರುವುದಿಲ್ಲ ಎನ್ನುವುದನ್ನೂ ನೆನಪಿಡಿ. ಬಳೆ ಬಳೆಯಾಗಿ, ಪ್ರತಿ ಬಳೆಗೂ ದೊಡ್ಡ ರಂಧ್ರಗಳ ಸಾಲು ಇದ್ದರೆ ತೇಗವನ್ನು ಅನುಮಾನಿಸಬಹುದು. ತೇಗವಾದರೆ ಮುಟ್ಟಿದಾಗ ಎಣ್ಣೆ ಎಣ್ಣೆಯಾಗಿರುತ್ತದೆ, ಹೊಸದಾಗಿ ಕೆರೆದರೆ ಚರ್ಮದ ಹಾಗೆ ವಾಸನೆ.

ತಾಳೆ, ತೆಂಗು, ಬಗನಿಯಂಥವುಗಳನ್ನು ಗುರುತಿಸಲು ಒಂದು ಕ್ಷಣ ಸಾಕು. ಅಂಚಿನಲ್ಲಿ ಬಳೆಯೂ ಇಲ್ಲ, ಗೆರೆಯೂ ಇಲ್ಲ, ಬರೀ ಕಪ್ಪು ಚುಕ್ಕೆಗಳು. ಬದಿಯಲ್ಲಿ ಅವೇ ಉದ್ದನೆಯ ಕಪ್ಪು ನಾರುಗಳಾಗಿ ಕಾಣುತ್ತವೆ. ಮಾವು ಬಿಳಿಚು ಬೂದು, ಹುಳು ಹೊಡೆಯುವುದು ಜಾಸ್ತಿ. ಅಗ್ಗದ ಢೋಲಕ್‌ಗಳಲ್ಲಿ ಮಾವು ಸಾಮಾನ್ಯ, ಒಳ್ಳೆಯ ಮೃದಂಗದಲ್ಲಿ ಅಲ್ಲ.

ಈಗ ಬಣ್ಣದ ಪರೀಕ್ಷೆ. ಹೊರಬಣ್ಣ ನಂಬಬೇಡಿ ಎಂದೆ. ಆದರೆ ವಾದ್ಯದ ಒಳಗೋಡೆ ಬೇರೆಯೇ. ಎರಡೂ ಕಡೆ ಚರ್ಮ ಮುಚ್ಚಿದ್ದರಿಂದ ಅಲ್ಲಿಗೆ ಬೆಳಕು ಬಿದ್ದಿಲ್ಲ. ಹರಿದ ಕಡೆಯಿಂದ ಟಾರ್ಚ್ ಬಿಟ್ಟು ನೋಡಿ. ಧೂಳಿನ ಕೆಳಗೆ ಹಳದಿ ಛಾಯೆ ಇದ್ದರೆ ಅದು ಹಲಸಿನ ಪರವಾಗಿ ದೊಡ್ಡ ಸಾಕ್ಷಿ. ಬೀಟೆಯಾಗಿದ್ದರೆ ನೇರಳೆ ಬೆರೆತ ಕಂದು, ನಡುವೆ ಕಪ್ಪು ಪಟ್ಟೆ. ಒಳಗೆ ಸ್ವಲ್ಪ ಕೆರೆದರೆ ಎಷ್ಟೇ ಹಳೆಯದಾದರೂ ಬೀಟೆ ನವಿರಾದ ಸಿಹಿ ಪರಿಮಳ ಬಿಡುತ್ತದೆ. ಹಲಸಿಗೆ ಹೇಳಿಕೊಳ್ಳುವಂಥ ವಾಸನೆ ಇಲ್ಲ. ಒಳಗೆ ನೋಡುವಾಗ ಉಳಿಯ ಗುರುತುಗಳೂ ಇವೆಯೇ ನೋಡಿ. ಕೈಯಿಂದ ಕೆತ್ತಿದ ಹಳೆಯ ವಾದ್ಯದ ಒಳಗೋಡೆ ಏರುತಗ್ಗಾಗಿರುತ್ತದೆ, ಯಂತ್ರದಲ್ಲಿ ಕೊರೆದದ್ದು ಸುತ್ತು ಸುತ್ತಿನ ಸಮ ಗೆರೆ ಬಿಟ್ಟಿರುತ್ತದೆ. ವಾದ್ಯದ ವಯಸ್ಸನ್ನು ಅಂದಾಜು ಮಾಡಲು ಬಾರಿಗಿಂತ, ಚರ್ಮಕ್ಕಿಂತ ಇದು ಮೇಲು. ಬಾರು, ಮುಚ್ಚಿಗೆ ಎಷ್ಟು ಸಲ ಬದಲಾಗಿವೆಯೋ ಯಾರಿಗೆ ಗೊತ್ತು.

ಒಳಗೋಡೆಯಿಂದ ಒಂದು ಚಿಟಿಕೆ ಪುಡಿ ತೆಗೆದು ಒಂದು ಸಣ್ಣ ಪಾತ್ರೆಯಲ್ಲಿ ನೀರಿಗೆ ಹಾಕಿ, ಚೂರು ಪಟಿಕ ಸೇರಿಸಿ ಕುದಿಸಿ. ಹಲಸಾದರೆ ನೀರು ಚೆಂದದ ಹಳದಿಗೆ ತಿರುಗುತ್ತದೆ. ಇದಕ್ಕೆ ಕಾರಣ ಮರದಲ್ಲಿರುವ ಮೋರಿನ್ ಎನ್ನುವ ಬಣ್ಣದ ವಸ್ತು. ಬರ್ಮಾ, ಥಾಯ್ಲೆಂಡ್ ಕಡೆ ಬೌದ್ಧ ಭಿಕ್ಷುಗಳ ಬಟ್ಟೆಗೆ ಬಣ್ಣ ಹಾಕಲು ಬಳಸಿದ್ದು ಇದೇ ಹಲಸಿನ ಚೇಗಿನ ಪುಡಿಯನ್ನು. ಹೆಬ್ಬಲಸು ಕೂಡ ಇದೇ ಕುಟುಂಬದ ಮರ. ಕೇರಳದವರು ಅದನ್ನು ಆಂಜಿಲಿ ಎಂದು ಕರೆದು ದೋಣಿಗೆ ಬಳಸುತ್ತಾರೆ. ಹಲಸನ್ನು ಅದರಿಂದ ಬೇರ್ಪಡಿಸಲು ಈ ಪಟಿಕದ ಪರೀಕ್ಷೆಯೂ ಸಾಲದು, ಲೆನ್ಸೂ ಸಾಲದು. ನಿಮ್ಮ ಕಡೆ ಹೆಬ್ಬಲಸು ಧಾರಾಳವಾಗಿದೆ, ಹಾಗಾಗಿ ಆ ಸಾಧ್ಯತೆಯನ್ನು ತಳ್ಳಿಹಾಕಬೇಡಿ.

ಹೊನ್ನೆಗೆ ಇನ್ನೊಂದು ಗುರುತಿದೆ. ಅದರ ಚಕ್ಕೆಯನ್ನು ಗಾಜಿನ ಲೋಟದ ನೀರಿನಲ್ಲಿ ಬಿಟ್ಟು ಬಿಸಿಲಿಗೆ ಹಿಡಿದರೆ ಕಂದು ನೀರಿನಲ್ಲಿ ನೀಲಿ ಹೊಳಪು ಆಡುತ್ತದೆ. ಸಕ್ಕರೆ ಕಾಯಿಲೆಗೆ ಅಂತ ಹೊನ್ನೆ ಮರದ ಲೋಟ ಮಾರುತ್ತಾರಲ್ಲ, ಅದರಲ್ಲಿ ರಾತ್ರಿ ಇಟ್ಟ ನೀರಿನಲ್ಲೂ ಇದನ್ನು ನೋಡಬಹುದು. (ಅದು ಕಾಯಿಲೆಗೆ ಎಷ್ಟು ಕೆಲಸ ಮಾಡುತ್ತದೆ ಎನ್ನುವುದು ನನ್ನ ವಿಷಯವಲ್ಲ.)

ರಕ್ತಚಂದನದ ಮಾತು ಬಂದಿದ್ದರಿಂದ ಅದನ್ನೂ ಮುಗಿಸಿಬಿಡೋಣ. ಆಂಧ್ರದ ಕಡಪ, ಚಿತ್ತೂರು ಸೀಮೆಯ ಕಾಡಿನ ಮರ ಅದು. ಬಹಳ ಭಾರ, ಚೇಗಿನ ಚಕ್ಕೆ ನೀರಿಗೆ ಹಾಕಿದರೆ ಮುಳುಗುತ್ತದೆ. ಹಲಸಿನ ಚಕ್ಕೆ ತೇಲುತ್ತದೆ. ಬೀಟೆಯದೂ ತೇಲುತ್ತದೆ, ಆದರೆ ಬಹುಪಾಲು ನೀರೊಳಗೇ ಇರುತ್ತದೆ. ರಕ್ತಚಂದನದ ಕೆಂಪು ನೀರಿನಲ್ಲಿ ಅಷ್ಟಾಗಿ ಬಿಡುವುದಿಲ್ಲ, ಸ್ಪಿರಿಟ್‌ನಲ್ಲಿ ಚೆನ್ನಾಗಿ ಬಿಡುತ್ತದೆ. ಇಲ್ಲೇ ಹಲವರು ಎಡವುವುದು. ಹತ್ತಿಗೆ ಸ್ಪಿರಿಟ್ ಹಾಕಿ ಮೃದಂಗದ ಹೊರಮೈ ಒರೆಸುತ್ತಾರೆ, ಹತ್ತಿ ಕೆಂಪಾಗುತ್ತದೆ, ‘ನೋಡಿ, ರಕ್ತಚಂದನ!’ ಎನ್ನುತ್ತಾರೆ. ಅರಗಿನ ಪಾಲಿಶ್ ಕೂಡ ಸ್ಪಿರಿಟ್‌ಗೆ ಕರಗುತ್ತದೆ ಸ್ವಾಮಿ. ಅದರಲ್ಲಿ ಬೆರೆಸಿದ್ದ ಬಣ್ಣ ಹತ್ತಿಗೆ ಬಂದಿದೆ, ಅಷ್ಟೇ. ಈ ಪರೀಕ್ಷೆ ಮಾಡುವುದಾದರೆ ಪಾಲಿಶ್ ಇಲ್ಲದ ಒಳಗೋಡೆಯ ಪುಡಿಯಲ್ಲಿ ಮಾಡಿ. ನಿಮ್ಮ ಮನೆಗೆ ಬಂದವರು ಒಂದು ನೋಟಕ್ಕೇ ರಕ್ತಚಂದನ ಎಂದಿದ್ದರೆ, ಅವರ ಮಾತನ್ನು ಅಲ್ಲೇ ಬಿಟ್ಟುಬಿಡಿ.

ಹುಳು ತಿಂದ ತೂತುಗಳಿದ್ದರೆ ಅವೂ ಮಾತಾಡುತ್ತವೆ. ಹಲಸಿನ ಚೇಗಿಗೆ ಗೆದ್ದಲು, ಹುಳು ಸುಲಭಕ್ಕೆ ಬೀಳುವುದಿಲ್ಲ. ಹೊರಗಿನ ಬಿಳಿ ಭಾಗಕ್ಕೆ ಬೀಳುತ್ತವೆ. ತೂತುಗಳು ಒಂದೇ ಪಟ್ಟಿಯಲ್ಲಿ ಗುಂಪಾಗಿದ್ದರೆ, ಮಾಡಿದವರು ಆ ಕಡೆ ಬಿಳಿ ಮರ ಪೂರ್ತಿ ತೆಗೆಯದೆ ಬಿಟ್ಟಿದ್ದಾರೆ ಎಂದರ್ಥ. ಅಲ್ಲಿಂದ ಮಾದರಿ ತೆಗೆಯಬೇಡಿ. ಯಾವ ಜಾತಿಯ ಮರವಾದರೂ ಬಿಳಿ ಭಾಗ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತದೆ.

ಇಷ್ಟೆಲ್ಲ ಮಾಡಿ ಕೊನೆಗೆ ಹಲಸು ಎಂದು ಗೊತ್ತಾದರೆ ಬೇಜಾರು ಮಾಡಿಕೊಳ್ಳಬೇಡಿ. ಮೃದಂಗ ಮಾಡುವವರು ಹಲಸನ್ನು ಆರಿಸಿದ್ದು ಅಗ್ಗ ಎನ್ನುವ ಕಾರಣಕ್ಕೆ ಮಾತ್ರವಲ್ಲ. ಬಾರು ಬಿಗಿದಾಗ ಎರಡೂ ಅಂಚಿನ ಮೇಲೆ ಬೀಳುವ ಎಳೆತ ಸಣ್ಣದಲ್ಲ. ಹಲಸಿನ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು, ಒಮ್ಮೆ ಈ ಕಡೆ ಒಮ್ಮೆ ಆ ಕಡೆ ಓರೆಯಾಗಿ ಬೆಳೆದಿರುತ್ತವೆ, ಹಾಗಾಗಿ ಸುಲಭಕ್ಕೆ ಸೀಳುವುದಿಲ್ಲ. ಕೆತ್ತಲು ಬಗ್ಗುವಷ್ಟು ಮೆದು, ತೊಡೆಯ ಮೇಲಿಟ್ಟು ಗಂಟೆಗಟ್ಟಲೆ ನುಡಿಸಲು ಆಗುವಷ್ಟು ಹಗುರ. ದಪ್ಪ ಕಾಂಡ ಬೇಕು, ಅದೂ ಸಿಗುತ್ತದೆ. ದೇವಸ್ಥಾನದ ಪಕ್ಕದ ಹಲಸಿನ ಮರ, ದಿನಾ ಗಂಟೆಯ ನಾದ ಕೇಳಿ ಬೆಳೆದದ್ದು, ಶ್ರೇಷ್ಠ ಎನ್ನುವ ಮಾತನ್ನು ನೀವೂ ಕೇಳಿರಬಹುದು. ಕೇಳಲು ಚೆಂದ. ಆದರೆ ಅದನ್ನು ಯಾವ ಲೆನ್ಸೂ ತೋರಿಸುವುದಿಲ್ಲ. ಮಾರುವವರು ಅದಕ್ಕೆ ದುಡ್ಡು ಕೇಳಿದರೆ ಕೊಡಬೇಡಿ.

ನಾದಕ್ಕೆ ಮರ ಮುಖ್ಯವೇ? ಮುಖ್ಯ, ಆದರೆ ಜನ ಅಂದುಕೊಂಡಷ್ಟಲ್ಲ. ಸಿ. ವಿ. ರಾಮನ್ ಮೃದಂಗ, ತಬಲಾಗಳ ನಾದದ ಮೇಲೆ 1920ರಲ್ಲಿ ಶಿವಕಾಳಿ ಕುಮಾರ್ ಜೊತೆ ಬರೆದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಮತ್ತೆ ವಿವರವಾಗಿ ಬರೆದರು. ಸಾಮಾನ್ಯ ಚರ್ಮವಾದ್ಯದಲ್ಲಿ ಒಂದಕ್ಕೊಂದು ಹೊಂದದ ಸ್ವರಗಳು ಹೊರಡುತ್ತವೆ. ನಮ್ಮ ವಾದ್ಯಗಳಲ್ಲಿ ಅವು ಶ್ರುತಿಗೆ ಹೊಂದಿಕೊಂಡು ಬರುತ್ತವೆ. ಇದಕ್ಕೆ ಕಾರಣ ನಡುವೆ ಹಾಕಿದ ಕರಣೆ ಮತ್ತು ಚರ್ಮದ ರಚನೆ ಎಂದು ಅವರು ತೋರಿಸಿದರು. ಹಾಗಾಗಿ ನಿಮ್ಮ ಅಜ್ಜನ ಮೃದಂಗ ಮತ್ತೆ ಚೆನ್ನಾಗಿ ನುಡಿಯಬೇಕಾದರೆ ಮರದ ಜಾತಿಗಿಂತ ಒಳ್ಳೆ ಮುಚ್ಚಿಗೆ ಕಟ್ಟುವ ಕೈ ಹುಡುಕುವುದು ಹೆಚ್ಚು ಮುಖ್ಯ. ಮರದ ಗೂಡು ಬಿರುಕಿಲ್ಲದೆ ಗಟ್ಟಿಯಾಗಿದೆಯೇ, ಅಂಚು ಸಮವಾಗಿದೆಯೇ ಎಂದು ಅವರೇ ನೋಡಿ ಹೇಳುತ್ತಾರೆ.

ಆ ಕೆಲಸ ಮಾಡಿಸುವಾಗ ಒಂದು ಮಾತು ಮೊದಲೇ ಹೇಳಿಡಿ. ಹೊಸ ಮುಚ್ಚಿಗೆ ಕೂರಿಸುವ ಮುಂಚೆ ಅಂಚನ್ನು ಅರದಿಂದ ಉಜ್ಜಿ ಸಮ ಮಾಡಬೇಕಾಗಿ ಬಂದರೆ ಅದರ ಪುಡಿ, ಒಂದೆರಡು ಚಕ್ಕೆ ಎತ್ತಿಡಲು ಹೇಳಿ. ಅಂಚಿನ ಫೋಟೊವನ್ನೂ ಹಗಲು ಬೆಳಕಿನಲ್ಲಿ ತೆಗೆಯಲು ಕೇಳಿ. ವಾದ್ಯಕ್ಕೆ ಹೊಸ ಗಾಯ ಮಾಡದೆ ಮಾದರಿ ಸಿಗುವ ಸಮಯ ಅದೊಂದೇ. ಹೊರಮೈಯನ್ನು ಹೊಳಪು ಮಾಡಿಕೊಡುತ್ತೇವೆ ಎಂದರೆ ಬೇಡ ಎನ್ನಿ. ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಲೆನ್ಸ್‌ನಲ್ಲಿ ನೋಡಿಯೂ ಅನುಮಾನ ಉಳಿದರೆ, ಅಥವಾ ಹಲಸೋ ಹೆಬ್ಬಲಸೋ ಎಂದು ಖಚಿತವಾಗಿ ತಿಳಿಯಲೇಬೇಕಿದ್ದರೆ, ಬೆಂಗಳೂರಿನ ಮಲ್ಲೇಶ್ವರದಲ್ಲಿ ಇನ್‌ಸ್ಟಿಟ್ಯೂಟ್ ಆಫ್ ವುಡ್ ಸೈನ್ಸ್ ಅಂಡ್ ಟೆಕ್ನಾಲಜಿ ಇದೆ. ಮೈಸೂರು ಸಂಸ್ಥಾನದ ಕಾಲದಲ್ಲಿ, 1938ರಲ್ಲಿ, ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಶುರುವಾದದ್ದು. ಅವರಲ್ಲಿ ಗುರುತಿಸಿಟ್ಟ ಮರದ ಮಾದರಿಗಳ ದೊಡ್ಡ ಸಂಗ್ರಹವಿದೆ. ಮಾದರಿಯಿಂದ ತೆಳು ಪದರ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿ ಅದರೊಂದಿಗೆ ಹೋಲಿಸುತ್ತಾರೆ. ಎಷ್ಟು ದೊಡ್ಡ ಚಕ್ಕೆ ಬೇಕು, ಶುಲ್ಕ ಎಷ್ಟು ಎಂದು ಮೊದಲು ಕೇಳಿಕೊಂಡು ಹೋಗಿ. ಪುಡಿ ಸಾಲದೆ ಹೋಗಬಹುದು.

ಅಮೆರಿಕಕ್ಕೆ ಕಳಿಸುವ ವಿಚಾರದಲ್ಲಿ ಮರದ ಹೆಸರು ನಿಜಕ್ಕೂ ಮುಖ್ಯವಾಗುತ್ತದೆ. ಅಪಾಯದಲ್ಲಿರುವ ಗಿಡಮರ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಎನ್ನುವ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿ ಹಲಸು, ಹೆಬ್ಬಲಸು ಎರಡೂ ಇಲ್ಲ. ಬೀಟೆ, ಶೀಶಮ್ ಸೇರಿದ ಇಡೀ ಕುಲವನ್ನು 2017ರ ಜನವರಿಯಿಂದ ಪಟ್ಟಿಗೆ ಸೇರಿಸಿದ್ದರು. ಸಂಗೀತಗಾರರಿಗೆ ತೊಂದರೆಯಾಗಿ, ಪೂರ್ತಿ ತಯಾರಾದ ವಾದ್ಯಗಳಿಗೆ 2019ರ ನವೆಂಬರ್‌ನಿಂದ ವಿನಾಯಿತಿ ಸಿಕ್ಕಿತು. ರಕ್ತಚಂದನವೂ ಪಟ್ಟಿಯಲ್ಲಿದೆ. ಅದನ್ನು ದೇಶದಿಂದ ಹೊರಗೆ ಕಳಿಸುವುದು ಬಹಳ ಕಟ್ಟುನಿಟ್ಟಿನ ವಿಷಯ. ಆದ್ದರಿಂದ ಹೆಮ್ಮೆಗೆ ಅಂತ ಪಾರ್ಸೆಲ್ ಕಾಗದದಲ್ಲಿ ‘ರಕ್ತಚಂದನದ ಮೃದಂಗ’ ಎಂದೇನಾದರೂ ಬರೆದೀರಿ, ಇಲ್ಲದ ತಲೆನೋವು ಬರುತ್ತದೆ. ಹಲಸೆಂದು ತಿಳಿದ ಮೇಲೆ ಹಲಸೆಂದೇ ಬರೆಯಿರಿ. ಹುಳುವಿನ ತೂತಿನಿಂದ ಹೊಸ ಪುಡಿ ಉದುರುತ್ತಿದ್ದರೆ ಒಳಗೆ ಹುಳು ಜೀವಂತ ಇದೆ. ಅದಕ್ಕೆ ಮದ್ದು ಮಾಡಿಸದೆ ಕಳಿಸಬೇಡಿ, ಅಲ್ಲಿನ ತಪಾಸಣೆಯಲ್ಲಿ ತಡೆಯಬಹುದು.

ಇನ್ನು ಖಂಜಿರ. ಅದರ ಮರದ ಬಳೆಯೂ ಸಾಮಾನ್ಯವಾಗಿ ಹಲಸೇ, ಮೇಲೆ ಹೇಳಿದ ಪರೀಕ್ಷೆಗಳೇ ಸಾಕು. ಅಲ್ಲಿ ಗಮನಿಸಬೇಕಾದ್ದು ಚರ್ಮ. ಹಳೆಯ ಖಂಜಿರಗಳಿಗೆ ಉಡದ ಚರ್ಮ ಹಾಕುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಉಡ ಇದೆ. ಸಣ್ಣ ಸಣ್ಣ ಮಣಿ ಜೋಡಿಸಿದಂಥ ಗುರುತು ಚರ್ಮದ ಮೇಲೆ ಕಂಡರೆ ಅದನ್ನು ಮಾರಲೂ ಬೇಡಿ, ಮಗಳಿಗೆ ಕಳಿಸಲೂ ಬೇಡಿ. ಏನು ಮಾಡಬೇಕೆಂದು ನಿಮ್ಮ ಹತ್ತಿರದ ಅರಣ್ಯ ಇಲಾಖೆ ಕಚೇರಿಯಲ್ಲಿ ಕೇಳಿ. ಬಳೆಗೆ ಆಡಿನ ಚರ್ಮ ಹಾಕಿಸಿಕೊಂಡರೆ ಅದನ್ನು ಮತ್ತೆ ನುಡಿಸಬಹುದು. ಈಗ ಬಹಳ ಮಂದಿ ನುಡಿಸುವುದು ಅದನ್ನೇ.